ಬೈಕು ಪೆಟ್ಟಿಗೆ ಸೇರುವ ದಿನ

ಮೋಟಾರ್ ಸೈಕಲ್ ಮೇಲೆ ದೇಶ ಸುತ್ತಿದವರ ಪುಸ್ತಕಗಳಿಗೆ ಇಂದು ದೊಡ್ಡ ಓದುಗ ವರ್ಗವಿದೆ. ಇಂಗ್ಲಿಷಿನಲ್ಲಂತೂ ಅದೊಂದು ಪ್ರತ್ಯೇಕ ಸಾಹಿತ್ಯ ಪ್ರಕಾರವೇ ಆಗಿದೆ. ಗಾಳಿ, ಮಳೆ, ಧೂಳು, ಕುಸಿದ ಸೇತುವೆ, ಅಪರಿಚಿತರ ಮನೆಯ ರೊಟ್ಟಿ ಎಲ್ಲವೂ ಅಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ದಾರಿ ಮುಗಿದು ಸಮುದ್ರ ಎದುರಾದ ಕೂಡಲೇ ಈ ಲೇಖಕರಲ್ಲಿ ಹೆಚ್ಚಿನವರು ಅವಸರಕ್ಕೆ ಬೀಳುತ್ತಾರೆ. ನೂರು ಮೈಲಿಯ ಕೆಸರು ದಾರಿಗೆ ಒಂದು ಅಧ್ಯಾಯ ಕೊಟ್ಟವರು, ಬೈಕನ್ನು ಹಡಗಿಗೆ ಹಾಕಿ ವಿಮಾನ ಹತ್ತಿದೆವು ಎಂಬಂಥ ಒಂದೇ ವಾಕ್ಯದಲ್ಲಿ ಇಡೀ ಸಾಗರವನ್ನು ದಾಟಿಬಿಡುತ್ತಾರೆ.

ಪ್ರವಾಸ ಕಥನವೊಂದನ್ನು ತೂಗಿ ನೋಡಬೇಕಾದದ್ದು ಆ ಒಂದು ವಾಕ್ಯದಲ್ಲಿ ಎಂದು ನನಗನಿಸುತ್ತದೆ. ರಸ್ತೆಯ ಮೇಲೆ ಸವಾರ ತಾನು ಸ್ವತಂತ್ರ ಎಂದುಕೊಂಡಿರುತ್ತಾನೆ. ಆ ಸ್ವಾತಂತ್ರ್ಯ ಯಾರ ದುಡಿಮೆಯ ಮೇಲೆ, ಯಾರ ಜಾಮೀನಿನ ಮೇಲೆ ನಿಂತಿದೆ ಎಂಬುದು ಬಂದರಿನಲ್ಲಿ ಗೊತ್ತಾಗುತ್ತದೆ. ಬಂದರನ್ನು ಬಿಟ್ಟು ಬರೆದ ಪ್ರವಾಸ ಕಥನ ಹಾಗಾಗಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಪೆಟ್ಟಿಗೆಯ ಲೆಕ್ಕ

ಮೊದಲು ಅಲ್ಲಿ ನಡೆಯುವುದೇನು ಎಂದು ನೋಡೋಣ. ದೂರದ ದೇಶದಲ್ಲಿ ಪಯಣ ಮುಗಿಸಿದವನು ಬೈಕನ್ನು ಊರಿಗೆ ಕಳಿಸಲು ಮೊದಲು ಒಬ್ಬ ಕ್ಲಿಯರಿಂಗ್ ಏಜೆಂಟನನ್ನು ಹುಡುಕಬೇಕು. ತಾನೇ ಬಂದರಿನೊಳಗೆ ಹೋಗಿ ಕೆಲಸ ಮಾಡಿಸಿಕೊಳ್ಳುವುದು ಹೆಚ್ಚಿನ ಕಡೆ ಆಗದ ಮಾತು. ಬೈಕನ್ನು ಚೆನ್ನಾಗಿ ತೊಳೆಯಬೇಕು. ಟೈರಿಗೆ ಅಂಟಿದ ಪರದೇಶದ ಮಣ್ಣಿನಲ್ಲಿ ಬೀಜಗಳೂ ಕೀಟಗಳೂ ಬರುತ್ತವೆಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳು ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ನಂತರ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಬೇಕು, ಬ್ಯಾಟರಿಯ ತಂತಿ ಬಿಚ್ಚಬೇಕು. ಅಂತಾರಾಷ್ಟ್ರೀಯ ಸಾಗಣೆ ನಿಯಮಗಳಲ್ಲಿ ಪೆಟ್ರೋಲ್ ವಾಹನ ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿದೆ, ಯು.ಎನ್. 3166 ಎಂಬುದು ಅದರ ಸಂಖ್ಯೆ.

ಆಮೇಲೆ ಬಡಗಿ ಬರುತ್ತಾನೆ. ಅವನು ಕಟ್ಟುವ ಪೆಟ್ಟಿಗೆಯ ಮರಕ್ಕೂ ಕಾನೂನಿದೆ. 2002ರಲ್ಲಿ ಅಂಗೀಕಾರವಾದ ಅಂತಾರಾಷ್ಟ್ರೀಯ ನಿಯಮದಂತೆ ಹಲಗೆಯ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕನಿಷ್ಠ 30 ನಿಮಿಷ ಅದೇ ಶಾಖದಲ್ಲಿರಬೇಕು, ಇಲ್ಲವೇ ಕ್ರಿಮಿನಾಶಕ ಅನಿಲದ ಉಪಚಾರ ಆಗಿರಬೇಕು. ಹಾಗೆ ಮಾಡಿದ್ದಕ್ಕೆ ಮರದ ಮೇಲೆ ಮುದ್ರೆ ಬೇಕು. ಒಂದು ದೇಶದ ಗೆದ್ದಲು, ಕೊರಕ ಹುಳು ಇನ್ನೊಂದು ದೇಶದ ಕಾಡಿಗೆ ದಾಟದಿರಲಿ ಎಂಬುದು ಇದರ ಉದ್ದೇಶ.

ಪೆಟ್ಟಿಗೆ ಎಷ್ಟು ಚಿಕ್ಕದೋ ಅಷ್ಟು ಹಣ ಉಳಿತಾಯ. ವಿಮಾನದಲ್ಲಿ ಕಳಿಸುವಾಗ ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕ ಹಾಕಿದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಕೊಡಬೇಕು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 220 ಸೆಂಟಿಮೀಟರ್ ಉದ್ದ, 80 ಅಗಲ, 120 ಎತ್ತರದ ಪೆಟ್ಟಿಗೆಯಾದರೆ ಅದು 352 ಕಿಲೋ ಎಂದು ಲೆಕ್ಕವಾಗುತ್ತದೆ. ಮುಂದಿನ ಗಾಲಿ, ಹ್ಯಾಂಡಲ್, ಕನ್ನಡಿಗಳನ್ನು ಬಿಚ್ಚಿ ಅದೇ ಬೈಕನ್ನು 180, 70, 100ರ ಪೆಟ್ಟಿಗೆಗೆ ಇಳಿಸಿದರೆ 210 ಕಿಲೋ. ಸಮುದ್ರದ ಮೂಲಕವಾದರೆ ಬಾಡಿಗೆ ಘನ ಮೀಟರಿನ ಮೇಲೆ. ಬೇರೆಯವರ ಸರಕಿನ ಜೊತೆಗೆ ಒಂದೇ ಕಂಟೇನರಿನಲ್ಲಿ ಹೋಗುವುದರಿಂದ ಅದು ತುಂಬುವ ತನಕ ಕಾಯಬೇಕು. ಇಳಿಯುವ ಬಂದರಿನಲ್ಲಿ ಬಿಡಿಸಿಕೊಳ್ಳುವ ಖರ್ಚು ಬೇರೆ. ಹತ್ತಿಸುವಾಗ ಅಗ್ಗವೆನಿಸಿದ್ದು ಇಳಿಸುವಾಗ ದುಬಾರಿಯಾಗುವುದು ಮಾಮೂಲು.

ಈ ವಿವರಗಳನ್ನು ಬೇಕೆಂದೇ ಹೇಳುತ್ತಿದ್ದೇನೆ. ಇಷ್ಟೆಲ್ಲ ಕೆಲಸದಲ್ಲಿ ಎಷ್ಟು ಜನರ ಕೈ ಇದೆ ನೋಡಿ: ತೊಳೆಯುವ ಹುಡುಗ, ಬಡಗಿ, ಹಮಾಲಿ, ಫೋರ್ಕ್‌ಲಿಫ್ಟ್ ನಡೆಸುವವನು, ಗೋದಾಮಿನ ಗುಮಾಸ್ತ, ಏಜೆಂಟ್, ಸುಂಕದ ಅಧಿಕಾರಿ. ಸವಾರನ ಬದುಕಿನ ಅತ್ಯಂತ ಪ್ರಿಯ ವಸ್ತು ಎರಡು ತಿಂಗಳ ಕಾಲ ಇವರ ವಶದಲ್ಲಿರುತ್ತದೆ. ಆದರೂ ಪುಸ್ತಕಗಳಲ್ಲಿ ಇವರಿಗೆ ಮುಖವಿಲ್ಲ. ಹಿಮಾಲಯದ ಕಣಿವೆಯಲ್ಲಿ ಚಹಾ ಕೊಟ್ಟ ಮುದುಕನಿಗೆ ಅರ್ಧ ಪುಟ ಸಿಗುತ್ತದೆ, ಬೈಕಿಗೆ ಪೆಟ್ಟಿಗೆ ಕಟ್ಟಿದ ಬಡಗಿಗೆ ಅರ್ಧ ಸಾಲೂ ಸಿಗುವುದಿಲ್ಲ. ಚಹಾ ಕೊಟ್ಟವನು ಹಣ ಕೇಳಲಿಲ್ಲ, ಬಡಗಿ ಕೂಲಿ ಕೇಳಿದ ಎಂಬುದೇ ಕಾರಣವೆಂದು ಕಾಣುತ್ತದೆ. ಬಡವನ ಆತಿಥ್ಯವನ್ನು ಕೊಂಡಾಡುವ ಈ ಸಾಹಿತ್ಯಕ್ಕೆ ಅವನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ.

ಬೈಕಿನ ಜಾಮೀನು, ಮನುಷ್ಯನ ಜಾಮೀನು

ಬಂದರಿನಲ್ಲಿ ಪೆಟ್ಟಿಗೆಗಿಂತ ಮುಖ್ಯವಾದದ್ದು ಕಾಗದ. ಪರದೇಶದ ವಾಹನವೊಂದು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳಬರಲು ಭಾರತವೂ ಸೇರಿ ಹಲವು ದೇಶಗಳಲ್ಲಿ 'ಕಾರ್ನೆ' ಎಂಬ ಪುಸ್ತಕ ಬೇಕು. ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಬಗ್ಗೆ 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಪ್ಪಂದ ಇದರ ಹಿಂದಿದೆ. ವಾಹನದ ಮಾಲೀಕ ತನ್ನ ದೇಶದ ಆಟೋಮೊಬೈಲ್ ಸಂಘದಲ್ಲಿ ದೊಡ್ಡ ಮೊತ್ತದ ಠೇವಣಿ ಇಡುತ್ತಾನೆ ಅಥವಾ ಬ್ಯಾಂಕ್ ಖಾತರಿ ಕೊಡುತ್ತಾನೆ. ಸಂಘ ಅವನ ಪರವಾಗಿ ಜಾಮೀನು ನಿಲ್ಲುತ್ತದೆ. ಪುಸ್ತಕದ ಪ್ರತಿ ಹಾಳೆಗೂ ಮೂರು ತುಂಡು. ಒಳಬರುವಾಗ ಒಂದನ್ನು ಸುಂಕದವರು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಇನ್ನೊಂದನ್ನು. ಮೂರನೆಯದರಲ್ಲಿ ಎರಡೂ ಮುದ್ರೆಗಳು ಉಳಿಯಬೇಕು. ಹೊರಹೋದ ಮುದ್ರೆ ಬೀಳದಿದ್ದರೆ ವಾಹನವನ್ನು ಅಲ್ಲೇ ಮಾರಿದ್ದಾನೆ ಎಂದು ಲೆಕ್ಕ. ಆ ದೇಶ ಸಂಘದಿಂದ ಸುಂಕ ಕೇಳುತ್ತದೆ, ಸಂಘ ಮಾಲೀಕನ ಠೇವಣಿಯಿಂದ ಅದನ್ನು ತೆಗೆದುಕೊಳ್ಳುತ್ತದೆ.

ಅಂದರೆ ಬೈಕನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಸವಾರರು ಬರೆಯುವ ಭಾವುಕ ಮಾತಿನ ಹಿಂದೆ ಒಂದು ಕಾನೂನೂ ಇದೆ. ಬಿಟ್ಟುಬರಲು ಅವರಿಗೆ ಅನುಮತಿಯೇ ಇರುವುದಿಲ್ಲ. ಹಳೆಯ ಬೈಕಾದರೆ ಅದರ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಗುವುದುಂಟು. ಆದರೂ ಕಳಿಸಲೇಬೇಕು. ಪ್ರೀತಿ ಸುಳ್ಳೆಂದು ಇದರ ಅರ್ಥವಲ್ಲ. ಸಾವಿರಾರು ಮೈಲಿ ಜೊತೆಗಿದ್ದ ಯಂತ್ರದ ಮೇಲೆ ಮಮತೆ ಹುಟ್ಟುವುದು ಸಹಜ. ಆದರೆ ಪ್ರೀತಿಯನ್ನು ಬರೆದು ಠೇವಣಿಯನ್ನು ಬಚ್ಚಿಟ್ಟರೆ ಓದುಗನಿಗೆ ಸಿಗುವುದು ಅರ್ಧ ಕತೆ.

ಜಾಮೀನು ಎಂದ ಕೂಡಲೇ ನಮ್ಮ ಕರಾವಳಿಯ ಓದುಗರಿಗೆ ಇನ್ನೊಂದು ಪದ ನೆನಪಾಗದಿರದು. ಅದು 'ಕಫಾಲ'. ಅರಬಿ ಭಾಷೆಯಲ್ಲಿ ಅದರ ಅರ್ಥವೂ ಜಾಮೀನು, ಹೊಣೆ ಹೊರುವುದು ಎಂದೇ. ಅನಾಥ ಮಗುವಿನ ಹೊಣೆ ಹೊರುವುದಕ್ಕೂ ಅದೇ ಪದ. ಗಲ್ಫ್ ದೇಶಗಳಲ್ಲಿ ಅದು ಕಾರ್ಮಿಕನ ವೀಸಾವನ್ನು ಮಾಲೀಕನಿಗೆ ಕಟ್ಟಿಹಾಕುವ ವ್ಯವಸ್ಥೆಯ ಹೆಸರಾಯಿತು. ಹೋಲಿಸಿ ನೋಡಿ. ಬೈಕಿಗೆ ಜಾಮೀನು ನಿಂತವನ ಚಿಂತೆಯೆಲ್ಲ ಬೈಕು ಹೊರಗೆ ಹೋಗದಿದ್ದರೆ ಏನು ಗತಿ ಎಂಬುದು. ಮನುಷ್ಯನಿಗೆ ಜಾಮೀನು ನಿಂತ ಕಫೀಲನ ಕೈಯಲ್ಲಾದರೋ ಅವನು ಹೊರಗೆ ಹೋಗದಂತೆ ತಡೆಯುವ ಅಧಿಕಾರವೇ ಇತ್ತು. ಕತಾರ್ ಹೆಚ್ಚಿನ ಕಾರ್ಮಿಕರಿಗೆ ನಿರ್ಗಮನ ಪರವಾನಗಿಯ ಷರತ್ತನ್ನು ತೆಗೆದದ್ದು 2018ರಲ್ಲಿ, ಮನೆಗೆಲಸದವರಿಗೆ 2020ರಲ್ಲಿ. ಸೌದಿ ಅರೇಬಿಯ ಖಾಸಗಿ ವಲಯದ ಕಾರ್ಮಿಕರಿಗೆ ಇಂಥ ಸಡಿಲಿಕೆ ಕೊಟ್ಟದ್ದು 2021ರಲ್ಲಿ. ಅದರಲ್ಲಿ ಮನೆಗೆಲಸದವರು ಸೇರಲಿಲ್ಲ. ಅದಕ್ಕೂ ಮುಂಚಿನ ದಶಕಗಳಲ್ಲಿ ಊರಿನ ಸಾವಿಗೋ ಮದುವೆಗೋ ಹೊರಡಬೇಕಾದವರು ಮಾಲೀಕನ ಸಹಿಗಾಗಿ ಕಾದ ಕತೆ ನಮ್ಮ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ?

ಯಂತ್ರ ಮರಳಿ ಹೋಗಲೇಬೇಕೆಂದು ಹಠ ಹಿಡಿಯುವ ಲೋಕ ಮನುಷ್ಯನ ಮರಳುವಿಕೆಯನ್ನು ಇನ್ನೊಬ್ಬನ ಮರ್ಜಿಗೆ ಬಿಟ್ಟಿತ್ತು. ಬೈಕಿನ ಪುಸ್ತಕಗಳನ್ನು ಓದುವಾಗ ನಮ್ಮಂಥವರಿಗೆ ಆಗುವ ಕಿರಿಕಿರಿಗೆ ಕಾರಣ ಇದು. ಸಾಹಸದ ಮೇಲಿನ ಹೊಟ್ಟೆಕಿಚ್ಚು ಅದಲ್ಲ.

ಹಡಗಿನ ಕಾಲ

ಈ ಪ್ರಕಾರದ ಆರಂಭದ ಪುಸ್ತಕಗಳು ಸಮುದ್ರವನ್ನು ಹೀಗೆ ನುಂಗಿಹಾಕಿರಲಿಲ್ಲ. ಅಮೆರಿಕದ ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ತರುಣ 1932ರಲ್ಲಿ ಲಂಡನ್ನಿನಿಂದ ಡಗ್ಲಸ್ ಬೈಕಿನಲ್ಲಿ ಹೊರಟರು. ತುರ್ಕಿ, ಸಿರಿಯ, ಇರಾಕ್, ಭಾರತ, ಚೀನಾ ದಾಟಿ ಜಪಾನ್ ಮುಟ್ಟಿ, ಅಲ್ಲಿಂದ ಹಡಗಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸೇರಿ, ಅಮೆರಿಕವನ್ನು ಅಡ್ಡಲಾಗಿ ದಾಟಿ 1933ರ ಡಿಸೆಂಬರ್ 24ರಂದು ನ್ಯೂಯಾರ್ಕ್ ತಲುಪಿದರು. ಅವರ 'ಒನ್ ಮ್ಯಾನ್ ಕ್ಯಾರವಾನ್' 1937ರಲ್ಲಿ ಬಂತು. ಅಂದಿನ ಏಷ್ಯಾದ ಬಹುಭಾಗ ಬ್ರಿಟಿಷ್, ಡಚ್, ಫ್ರೆಂಚ್ ಆಳ್ವಿಕೆಯಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಓದಬೇಕು. ಬಿಳಿಯ ತರುಣನೊಬ್ಬನಿಗೆ ತೆರೆದುಕೊಂಡ ಬಾಗಿಲುಗಳು ಆ ನೆಲದವರಿಗೇ ತೆರೆದಿರಲಿಲ್ಲ.

ಟೆಡ್ ಸೈಮನ್ ಅವರ 'ಜುಪಿಟರ್ಸ್ ಟ್ರಾವೆಲ್ಸ್' (1979) ಈ ಪ್ರಕಾರದಲ್ಲಿ ಇಂದಿಗೂ ಎಲ್ಲರೂ ಹೆಸರಿಸುವ ಕೃತಿ. ಪತ್ರಕರ್ತರಾಗಿದ್ದ ಸೈಮನ್ 1973ರ ಅಕ್ಟೋಬರ್ 6ರಂದು 500 ಸಿ.ಸಿ.ಯ ಟ್ರಯಂಫ್ ಬೈಕಿನಲ್ಲಿ ಲಂಡನ್ ಬಿಟ್ಟರು. ಅರಬ್-ಇಸ್ರೇಲ್ ಯುದ್ಧ ಆರಂಭವಾದದ್ದೂ ಅದೇ ದಿನ. ನಾಲ್ಕು ವರ್ಷ, ನಲವತ್ತೈದು ದೇಶ, ಅರುವತ್ತು ಸಾವಿರಕ್ಕೂ ಹೆಚ್ಚು ಮೈಲಿ. ಸುಡಾನಿನ ಮರುಭೂಮಿಯಲ್ಲಿ ಏನೂ ಇಲ್ಲದವರು ತೋರಿದ ಆದರವನ್ನು ಅವರು ಬರೆದ ರೀತಿಯಲ್ಲಿ ಯುರೋಪಿನವನ ಅಚ್ಚರಿ ಇದೆ, ಆದರೆ ಅಹಂಕಾರವಿಲ್ಲ.

ಆದರೆ ಸೈಮನ್ ದೊಡ್ಡ ಲೇಖಕರೆನಿಸುವುದು ಸಮುದ್ರದ ಆಚೆ ದಡದಲ್ಲಿ. ಆಫ್ರಿಕಾ ಮುಗಿಸಿ ಬೈಕಿನೊಂದಿಗೆ ಹಡಗಿನಲ್ಲಿ ಬ್ರೆಜಿಲ್‌ನ ಫೋರ್ಟಲೇಜಾ ತಲುಪಿದ ಅವರನ್ನು ಪೊಲೀಸರು ಹಿಡಿದು ಬಂಧನದಲ್ಲಿಟ್ಟರು. ಆಗ ಬ್ರೆಜಿಲ್ ಸೈನಿಕ ಆಡಳಿತದಲ್ಲಿತ್ತು, ಅಪರಿಚಿತನೆಂದರೆ ಅನುಮಾನ. ಏನು ಆರೋಪ, ಯಾವಾಗ ಬಿಡುಗಡೆ ಎಂಬುದು ಗೊತ್ತಿಲ್ಲದೆ ಕಳೆದ ಆ ದಿನಗಳ ವರ್ಣನೆಯಲ್ಲಿ ಸಾಹಸಿಯ ಗತ್ತು ಪೂರ್ತಿ ಕಳಚಿಬೀಳುತ್ತದೆ. ಬೈಕಿಲ್ಲ, ದಾರಿಯಿಲ್ಲ, ಕಾಗದಗಳು ಇನ್ನೊಬ್ಬರ ಮೇಜಿನ ಮೇಲೆ. ಜಗತ್ತಿನ ಬಹುಪಾಲು ಜನ ಸರಕಾರಿ ಕಚೇರಿಯ ಎದುರು ಯಾವ ಸ್ಥಿತಿಯಲ್ಲಿ ನಿಲ್ಲುತ್ತಾರೋ ಆ ಸ್ಥಿತಿಗೆ ಇಂಗ್ಲಿಷ್ ಪತ್ರಕರ್ತನೂ ಬಂದು ನಿಲ್ಲುತ್ತಾನೆ. ಇಡೀ ಪುಸ್ತಕದ ನೈತಿಕ ಬಲ ಇರುವುದು ಈ ಭಾಗದಲ್ಲಿ. ಬಂದರನ್ನು ಅವಸರದಲ್ಲಿ ದಾಟಿಬಿಡುವ ಲೇಖಕನಿಗೆ ಈ ಅಧ್ಯಾಯ ದಕ್ಕುತ್ತಿರಲಿಲ್ಲ.

ಸೈಮನ್ ಏಷ್ಯಾದಿಂದ ಮನೆಗೆ ಮರಳಿದ್ದು ನೆಲದ ದಾರಿಯಲ್ಲೇ: ಭಾರತ, ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ತುರ್ಕಿ. ಪುಸ್ತಕ ಹೊರಬಂದ 1979ರಲ್ಲೇ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅವರು ಬಂದ ದಾರಿ ಅವರ ಹಿಂದೆಯೇ ಮುಚ್ಚಿಕೊಂಡಿತು. ಬೈಕನ್ನು ಪೆಟ್ಟಿಗೆಗೆ ಹಾಕಿ ಸಮುದ್ರದ ಮೇಲೆ ಕಳಿಸುವ ಇಂದಿನ ಪದ್ಧತಿಗೆ ನೀರು ಅಡ್ಡ ಬಂದದ್ದಷ್ಟೇ ಕಾರಣವಲ್ಲ, ರಾಜ್ಯಗಳು ನೆಲವನ್ನು ಮುಚ್ಚಿದ್ದೂ ಕಾರಣ. 2021ರ ಸೈನಿಕ ದಂಗೆಯ ನಂತರ ಮ್ಯಾನ್ಮಾರಿನ ಮೂಲಕ ಹೋಗುವುದು ಕಠಿಣವಾಯಿತು. 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಗಡಿಯನ್ನೂ ಮುಚ್ಚಲಾಯಿತು. ಅಮೃತಸರದಿಂದ ಲಾಹೋರಿಗೆ ಐವತ್ತು ಕಿಲೋಮೀಟರ್ ದೂರ. ಅಷ್ಟು ದೂರ ಹೋಗಲಾಗದ ಭಾರತದ ಸವಾರ ಇರಾನ್ ಮುಟ್ಟಬೇಕಾದರೆ ಬೈಕನ್ನು ಹಡಗಿನಲ್ಲೋ ವಿಮಾನದಲ್ಲೋ ಕಳಿಸಬೇಕು. ಪೆಟ್ಟಿಗೆ ಎಂಬುದು ಹೀಗೆ ನಮ್ಮ ಕಾಲದ ಹಗೆತನಗಳ ಅಳತೆಯೂ ಹೌದು.

ಇನ್ನೊಂದು ಬದಲಾವಣೆಯನ್ನು ವಿಮರ್ಶಕರು ಗಮನಿಸಿದಂತಿಲ್ಲ. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗು 58 ಕಂಟೇನರುಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಜಗತ್ತಿನ ಬಂದರುಗಳ ಮುಖವೇ ಬದಲಾಯಿತು. ಹಳೆಯ ಸರಕು ಹಡಗು ದಿನಗಟ್ಟಲೆ ಧಕ್ಕೆಯಲ್ಲಿ ನಿಲ್ಲುತ್ತಿತ್ತು, ಕೆಲವು ಪ್ರಯಾಣಿಕರನ್ನೂ ಹತ್ತಿಸಿಕೊಳ್ಳುತ್ತಿತ್ತು. ಸವಾರನೂ ಬೈಕೂ ಒಂದೇ ಹಡಗಿನಲ್ಲಿ ವಾರಗಟ್ಟಲೆ ತೇಲುತ್ತಿದ್ದರು. ಖಲಾಸಿಗಳ ಜೊತೆ ಊಟ, ಮಾತು, ಜಗಳ ಎಲ್ಲವೂ ಕಥನದ ಭಾಗವಾಗುತ್ತಿತ್ತು. ಕಂಟೇನರ್ ಬಂದ ಮೇಲೆ ಬೈಕು ಒಂದು ದಾರಿ, ಸವಾರ ಒಂದು ದಾರಿ. ಬಂದರಿನ ಸುತ್ತ ಬೇಲಿ ಎದ್ದಿತು, ಸಾವಿರಾರು ಹಮಾಲಿಗಳ ಕೆಲಸ ಹೋಯಿತು. ಸಮುದ್ರ ಪುಸ್ತಕದಿಂದ ಮಾಯವಾದದ್ದು ಲೇಖಕರ ಸೋಮಾರಿತನದಿಂದ ಮಾತ್ರವಲ್ಲ. ಅವರಿಗೆ ಅಲ್ಲಿ ಪ್ರವೇಶವೇ ಇಲ್ಲವಾಯಿತು. ಆದರೆ ಪ್ರವೇಶವಿಲ್ಲ ಎಂಬುದನ್ನಾದರೂ ಬರೆಯಬಹುದಿತ್ತು.

ಕತ್ತರಿಸಿದ ಸಮುದ್ರ

2004ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಅವರ ಗೆಳೆಯ ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದ 'ಲಾಂಗ್ ವೇ ರೌಂಡ್' ಟೆಲಿವಿಷನ್ ಸರಣಿಯಾಗಿಯೂ ಪುಸ್ತಕವಾಗಿಯೂ ಪ್ರಸಿದ್ಧವಾಯಿತು. ಅದನ್ನು ನೋಡಿಯೇ ದೊಡ್ಡ ಬಿ.ಎಂ.ಡಬ್ಲ್ಯು. ಬೈಕು ಕೊಂಡು ಹೊರಟವರು ಜಗತ್ತಿನಾದ್ಯಂತ ಇದ್ದಾರೆ. ಕಜಕಿಸ್ತಾನ, ಮಂಗೋಲಿಯ, ಸೈಬೀರಿಯದ ನದಿಗಳು, ಕೊನೆಗೆ ರಷ್ಯಾದ ಮಗದಾನ್. ಅಲ್ಲಿ ಏಷ್ಯಾದ ರಸ್ತೆ ಮುಗಿಯುತ್ತದೆ. ಬೈಕುಗಳನ್ನು ವಿಮಾನಕ್ಕೆ ಹಾಕಿ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿಸಲಾಯಿತು.

ಈ ಸರಣಿಯಲ್ಲಿ ಒಳ್ಳೆಯದಿಲ್ಲವೆಂದಲ್ಲ. ಯುನಿಸೆಫ್ ಜೊತೆ ಸೇರಿ ಅವರು ಉಕ್ರೇನಿನಲ್ಲೂ ಮಂಗೋಲಿಯದಲ್ಲೂ ಕಷ್ಟದಲ್ಲಿದ್ದ ಮಕ್ಕಳನ್ನು ಕಂಡರು, ತೋರಿಸಿದರು. ಉಕ್ರೇನ್ ಗಡಿಯಲ್ಲಿ ಕಾಗದದ ತೊಡಕಿನಿಂದ ಗಂಟೆಗಟ್ಟಲೆ ಕಾದ ಕಂತು ಸರಣಿಯ ಅತ್ಯುತ್ತಮ ಭಾಗಗಳಲ್ಲಿ ಒಂದು. ಪ್ರಸಿದ್ಧ ಮುಖವೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸವಾರ ಕ್ಯಾಮರಾಮನ್ ತನ್ನ ಕೆಟ್ಟ ಬೈಕಿನ ಬದಲು ಮಂಗೋಲಿಯದಲ್ಲಿ ರಷ್ಯಾದ ಸಾದಾ ಬೈಕೊಂದನ್ನು ಕೊಂಡು ಓಡಿಸಿದ್ದು, ದುಬಾರಿ ಯಂತ್ರಗಳ ಬಗೆಗಿನ ಭ್ರಮೆಗೆ ಒಳ್ಳೆಯ ಉತ್ತರವಾಯಿತು.

ಆದರೆ ಮಗದಾನ್ ಬಂದಾಗ ಸರಣಿ ತನ್ನ ಕಣ್ಣನ್ನು ಮುಚ್ಚಿಕೊಳ್ಳುತ್ತದೆ. ಮಗದಾನ್ ಸ್ಟಾಲಿನ್ ಕಾಲದ ಕೊಲೀಮಾ ಸೆರೆ ಶಿಬಿರಗಳ ಹೆಬ್ಬಾಗಿಲು. ಲಕ್ಷಾಂತರ ಕೈದಿಗಳನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದು ಇಳಿಸಿದ ಬಂದರು ಅದು. ಸವಾರರು ಬಂದ ಆ ದಾರಿಯನ್ನು ಕಡಿದದ್ದೂ ಕೈದಿಗಳೇ. ಸತ್ತವರ ಮೂಳೆಗಳ ಮೇಲೆ ಕಟ್ಟಿದ್ದೆಂದು ಅದಕ್ಕೆ ಮೂಳೆಗಳ ರಸ್ತೆ ಎಂಬ ಹೆಸರೇ ಬಿದ್ದಿದೆ. ಸರಣಿ ಆ ಹೆಸರನ್ನು ಹೇಳುತ್ತದೆ. ಆದರೆ ಅಲ್ಲಿಂದ ಮನುಷ್ಯರು ಮರಳಿ ಹೋಗಲಾಗಲಿಲ್ಲ, ನಮ್ಮ ಬೈಕುಗಳು ಮಾತ್ರ ವಿಮಾನದಲ್ಲಿ ಸುಖವಾಗಿ ಹೊರಟವು ಎಂಬ ಎರಡು ಸಂಗತಿಗಳನ್ನು ಅದು ಪಕ್ಕಪಕ್ಕದಲ್ಲಿ ಇಡುವುದಿಲ್ಲ. ಒಂದು ಕಟ್, ಆಮೇಲೆ ಅಲಾಸ್ಕಾ.

ಮರಳದ ಬೈಕು

ಈಗ ಇನ್ನೊಂದು ಪುಸ್ತಕಕ್ಕೆ ಬರೋಣ. ವೈದ್ಯ ವಿದ್ಯಾರ್ಥಿ ಎರ್ನೆಸ್ಟೊ ಗೆವಾರ ಮತ್ತು ಗೆಳೆಯ ಅಲ್ಬರ್ಟೊ ಗ್ರನಾಡೊ 1951ರ ಡಿಸೆಂಬರ್ ಕೊನೆಗೆ ಅರ್ಜೆಂಟೀನಾದ ಕಾರ್ಡೊಬದಿಂದ 500 ಸಿ.ಸಿ.ಯ ಹಳೆಯ ನಾರ್ಟನ್ ಬೈಕಿನಲ್ಲಿ ಹೊರಟರು. ಗೆವಾರ ಬರೆದುಕೊಂಡ ಟಿಪ್ಪಣಿಗಳು ಅವರು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1990ರ ದಶಕದಲ್ಲಿ, ಪುಸ್ತಕವಾಗಿ ಹೊರಬಂದವು. ವಾಲ್ಟರ್ ಸಾಲೆಸ್ ಅವರ ಚಲನಚಿತ್ರ ಬಂದದ್ದು 2004ರಲ್ಲಿ, ಅಂದರೆ 'ಲಾಂಗ್ ವೇ ರೌಂಡ್' ಬಂದ ವರ್ಷವೇ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ.

'ಮೋಟಾರ್ ಸೈಕಲ್ ಡೈರೀಸ್' ಎಂಬ ಹೆಸರಿದ್ದರೂ ಬೈಕು ಕತೆಯ ಅರ್ಧಕ್ಕೂ ಬರುವುದಿಲ್ಲ. ಚಿಲಿ ದೇಶದಲ್ಲಿ ಅದು ಕೊನೆಯ ಬಾರಿ ಕೆಟ್ಟು ನಿಂತಿತು. ಲಾರಿಯಲ್ಲಿ ಸಾಂಟಿಯಾಗೊ ತನಕ ಹೊತ್ತು ಅಲ್ಲೇ ಬಿಟ್ಟುಬಿಟ್ಟರು. ಪೆಟ್ಟಿಗೆಯಿಲ್ಲ, ಏಜೆಂಟನಿಲ್ಲ, ಊರಿಗೆ ಕಳಿಸುವ ಯೋಚನೆಯೂ ಇಲ್ಲ. ವಾಲ್‌ಪರೈಸೊ ಬಂದರಿಗೆ ಅವರು ಬಂದದ್ದು ಕೈಯಲ್ಲಿ ಕಾಸಿಲ್ಲದವರಾಗಿ. ಉತ್ತರಕ್ಕೆ ಹೊರಟ ಹಡಗಿನೊಳಗೆ ಕಳ್ಳತನದಿಂದ ನುಸುಳಿ ಪಾಯಖಾನೆಯಲ್ಲಿ ಅಡಗಿದರು. ಸಿಕ್ಕಿಬಿದ್ದಾಗ ಕ್ಯಾಪ್ಟನ್ ಕೆಲಸಕ್ಕೆ ಹಚ್ಚಿದ; ಗೆವಾರರ ಪಾಲಿಗೆ ಬಂದದ್ದು ಆ ಪಾಯಖಾನೆಯನ್ನು ತೊಳೆಯುವ ಕೆಲಸ. ಬೈಕಿನ ಸಾಹಿತ್ಯದಲ್ಲಿ ಬಂದರಿನ ಇಷ್ಟು ಪ್ರಾಮಾಣಿಕ ಚಿತ್ರ ಅಪರೂಪ. ಇಲ್ಲಿ ಸವಾರನೇ ಹಡಗಿನ ಕೂಲಿಯವನು.

ಅದರ ನಂತರ ಬರುವುದು ಚುಕಿಕಮಾಟದ ತಾಮ್ರದ ಗಣಿ. ಅಲ್ಲಿಗೆ ಹೋಗುವ ದಾರಿಯಲ್ಲಿ, ಚಳಿಯ ರಾತ್ರಿಯಲ್ಲಿ, ಕೆಲಸ ಹುಡುಕಿ ಹೊರಟ ಕಾರ್ಮಿಕ ದಂಪತಿಗಳು ಇವರಿಗೆ ಸಿಗುತ್ತಾರೆ. ಗಂಡ ಕಮ್ಯುನಿಸ್ಟನೆಂದು ಜೈಲು ಕಂಡು ಬಂದವನು. ಹೊದೆಯಲು ಅವರಿಗೆ ಒಂದು ಕಂಬಳಿಯೂ ಇಲ್ಲ. ಗೆಳೆಯರು ತಮ್ಮ ಕಂಬಳಿಗಳಲ್ಲಿ ಒಂದನ್ನು ಕೊಡುತ್ತಾರೆ. ಬೈಕು ಸರಿಯಿದ್ದಿದ್ದರೆ ಈ ರಾತ್ರಿ ಬರುತ್ತಿತ್ತೇ? ಬಹುಶಃ ಇವರು ಆ ದಂಪತಿಗಳನ್ನು ಧೂಳೆಬ್ಬಿಸಿ ದಾಟಿಹೋಗುತ್ತಿದ್ದರು. ಬೈಕಿನ ಮೇಲಿದ್ದಾಗ ಜನ ಇವರನ್ನು ನೋಡುತ್ತಿದ್ದರು. ಬೈಕು ಹೋದ ಮೇಲೆ ಇವರು ಜನರನ್ನು ನೋಡಿದರು. ಸಾಲೆಸ್ ಅವರ ಚಿತ್ರ ಈ ತಿರುವನ್ನು ಚೆನ್ನಾಗಿ ಹಿಡಿದಿದೆ.

ಗೆವಾರ ಊರಿಗೆ ಮರಳಿದ ಬಗೆಯೂ ಗಮನಿಸಬೇಕಾದದ್ದು. ಗ್ರನಾಡೊ ವೆನೆಜುವೆಲದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯ ಕೆಲಸಕ್ಕೆ ಉಳಿದರು. ಗೆವಾರ ಕುದುರೆಗಳನ್ನು ಸಾಗಿಸುವ ಸರಕು ವಿಮಾನದಲ್ಲಿ ಮಿಯಾಮಿಗೆ ಹೋಗಿ, ಅಲ್ಲಿಂದ 1952ರ ಆಗಸ್ಟ್ ಕೊನೆಗೆ ಬ್ಯೂನಸ್ ಐರಿಸ್ ಸೇರಿದರು. ಬೈಕು ಸರಕಾಗಿ ಮರಳುವ ಕತೆಗಳ ನಡುವೆ ಇಲ್ಲಿ ಮನುಷ್ಯನೇ ಸರಕಿನ ಜೊತೆ ಮರಳುತ್ತಾನೆ.

ಇದನ್ನೂ ಕುರುಡಾಗಿ ಕೊಂಡಾಡಬೇಕಿಲ್ಲ. ಗೆವಾರರಿಗೂ ಊರಲ್ಲಿ ಅನುಕೂಲಸ್ಥ ಕುಟುಂಬವಿತ್ತು, ಮುಗಿಸಲು ಪದವಿ ಇತ್ತು. ಗಣಿಯ ದಂಪತಿಗಳಿಗೆ ಅಂಥ ಮರಳುವ ಮನೆ ಇರಲಿಲ್ಲ. ಬಡತನದ ಮೂಲಕ ಹಾದುಹೋಗುವುದೂ ಬಡತನದಲ್ಲಿ ಬದುಕುವುದೂ ಒಂದೇ ಅಲ್ಲ. ಗೆವಾರರ ಟಿಪ್ಪಣಿಗಳು ದೊಡ್ಡವೆನಿಸುವುದು ಅವರಿಗೆ ಆ ವ್ಯತ್ಯಾಸದ ಅರಿವಿದ್ದುದರಿಂದ.

ಹಾಗೆಂದು ಬೈಕನ್ನು ಊರಿಗೆ ಕಳಿಸಿದವರೆಲ್ಲ ಕೆಟ್ಟ ಲೇಖಕರು, ಬಿಟ್ಟುಬಂದವರೆಲ್ಲ ಒಳ್ಳೆಯವರು ಎಂಬ ಸುಲಭದ ತೀರ್ಪೂ ಬೇಡ. ಎಲ್ಸ್‌ಪೆತ್ ಬಿಯರ್ಡ್ ಅವರ 'ಲೋನ್ ರೈಡರ್' (2017) ಇದಕ್ಕೆ ಉತ್ತರ. ವಾಸ್ತುಶಿಲ್ಪದ ವಿದ್ಯಾರ್ಥಿನಿಯಾಗಿದ್ದ ಅವರು 1982ರಲ್ಲಿ ಹಳೆಯ ಬಿ.ಎಂ.ಡಬ್ಲ್ಯು. ಬೈಕನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಕಳಿಸಿ ಪಯಣ ಆರಂಭಿಸಿದರು. ಅಮೆರಿಕ ದಾಟಿ ಮತ್ತೆ ಬೈಕನ್ನು ಆಸ್ಟ್ರೇಲಿಯಕ್ಕೆ ಕಳಿಸಿದರು. ಕೈ ಬರಿದಾಗಿದ್ದರಿಂದ ಸಿಡ್ನಿಯಲ್ಲಿ ತಿಂಗಳುಗಟ್ಟಲೆ ದುಡಿದರು, ಗ್ಯಾರೇಜಿನಲ್ಲಿ ವಾಸಿಸಿ ಬೈಕಿನ ಸಾಮಾನು ಪೆಟ್ಟಿಗೆಗಳನ್ನು ತಾವೇ ಮಾಡಿಕೊಂಡರು. ಸಿಂಗಾಪುರದಲ್ಲಿ ಪಾಸ್‌ಪೋರ್ಟ್ ಮತ್ತು ಕಾಗದಗಳು ಕಳುವಾದಾಗ ಅವನ್ನೆಲ್ಲ ಮತ್ತೆ ಪಡೆಯಲು ವಾರಗಟ್ಟಲೆ ಕಚೇರಿ ಅಲೆದರು. ಎರಡು ವರ್ಷದ ಬಳಿಕ ಮನೆಗೆ ಬಂದಾಗ ಅವರನ್ನು ಕೇಳುವವರಿರಲಿಲ್ಲ. ಪುಸ್ತಕ ಬಂದದ್ದು ಮೂರು ದಶಕಗಳ ನಂತರ. ಸಾಗಣೆಯ ಹಣವನ್ನು ತಾನೇ ದುಡಿದು ಕಟ್ಟಿದವರಿಗೆ ಅದರ ಬೆಲೆ ಗೊತ್ತಿರುತ್ತದೆ. ಹಾಗಾಗಿ ಅದನ್ನು ಬರೆಯಲೂ ಬರುತ್ತದೆ.

ಕಾಡಿನ ಎರಡು ಬದಿ

ಕೊನೆಯದಾಗಿ ಒಂದು ಜಾಗವನ್ನು ನೋಡೋಣ. ಅಲಾಸ್ಕಾದಿಂದ ಅರ್ಜೆಂಟೀನಾದ ತುದಿಯ ತನಕ ಹೋಗುವ ಹೆದ್ದಾರಿ ಪನಾಮಾ ಮತ್ತು ಕೊಲಂಬಿಯದ ನಡುವೆ ಸುಮಾರು ನೂರು ಕಿಲೋಮೀಟರ್ ಕಾಡಿನಲ್ಲಿ ಕಡಿದುಹೋಗಿದೆ. ಡೇರಿಯನ್ ಎಂದು ಅದರ ಹೆಸರು. ಅಲ್ಲಿ ರಸ್ತೆಯೇ ಇಲ್ಲ. ಸವಾರರು ಬೈಕನ್ನು ವಿಮಾನಕ್ಕೋ ಹಡಗಿಗೋ ಹಾಕಿ ಆ ಕಾಡನ್ನು ಬಳಸಿ ಹೋಗುತ್ತಾರೆ. ಎಷ್ಟು ಖರ್ಚಾಯಿತು, ಎಷ್ಟು ದಿನ ಹಿಡಿಯಿತು ಎಂದು ಬರೆಯುತ್ತಾರೆ. ಅದೇ ಕಾಡನ್ನು 2023ರ ಒಂದೇ ವರ್ಷದಲ್ಲಿ 5 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ನಡೆದು ದಾಟಿದರೆಂದು ಪನಾಮಾ ಸರಕಾರದ ಲೆಕ್ಕ ಹೇಳುತ್ತದೆ. ವೆನೆಜುವೆಲದವರು, ಹೈಟಿಯವರು, ಈಕ್ವೆಡಾರ್‌ನವರು, ಅಫ್ಘಾನಿಸ್ತಾನದವರೂ ಅವರಲ್ಲಿದ್ದರು. ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಾಯಂದಿರಿದ್ದರು. ಅಮೆರಿಕದ ನೀತಿ ಬಿಗಿಯಾದ ಮೇಲೆ, 2025ರಲ್ಲಿ, ಆ ಸಂಖ್ಯೆ ತೀರಾ ಇಳಿಯಿತು. ಆದರೆ ಆ ವರ್ಷಗಳಲ್ಲಿ ಯಂತ್ರ ಮೇಲಿನಿಂದ ಹಾರಿತು, ಮನುಷ್ಯ ಕೆಳಗೆ ಕೆಸರಿನಲ್ಲಿ ನಡೆದ. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಸವಾರ ಲೇಖಕನಿಗಾಗಿ ಈ ಪ್ರಕಾರ ಕಾಯುತ್ತಿದೆ.

ಕನ್ನಡದ ತರುಣರೂ ಈಗ ಬೈಕಿನಲ್ಲಿ ದೇಶ ಬಿಟ್ಟು ಹೋಗುತ್ತಿದ್ದಾರೆ. ಅವರೂ ಬರೆಯುತ್ತಾರೆ, ಬರೆಯಬೇಕು. ಅವರಿಗೆ ಪಶ್ಚಿಮದ ಸವಾರನಿಗಿಲ್ಲದ ಒಂದು ಅನುಕೂಲವಿದೆ. ಭಾರತದ ಪಾಸ್‌ಪೋರ್ಟ್ ಹಿಡಿದು ರಾಯಭಾರ ಕಚೇರಿಯ ಸಾಲಿನಲ್ಲಿ ನಿಲ್ಲುವುದೆಂದರೇನು, ಹೆಸರು ನೋಡಿ ಮತ್ತೆ ಪ್ರಶ್ನೆ ಕೇಳಿಸಿಕೊಳ್ಳುವುದೆಂದರೇನು ಎಂಬುದು ಅವರಲ್ಲಿ ಅನೇಕರಿಗೆ ಅನುಭವದಿಂದಲೇ ಗೊತ್ತು. ಗಲ್ಫಿನಿಂದ ಹೊರಟವರು ಹಗ್ಗ ಬಿಗಿದು, ದಪ್ಪ ಅಕ್ಷರದಲ್ಲಿ ಹೆಸರೂ ಊರೂ ಬರೆದು ಕಾರ್ಗೋಗೆ ಹಾಕಿದ ರಟ್ಟಿನ ಪೆಟ್ಟಿಗೆಗಳು ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಬಂದಿವೆ. ಆ ಪೆಟ್ಟಿಗೆಯ ಭಾರ ಬಲ್ಲವರು ಬೈಕಿನ ಪೆಟ್ಟಿಗೆಯ ಬಗ್ಗೆ ಬೇರೆ ರೀತಿ ಬರೆಯಬಲ್ಲರು.

ನಾವು ಓದುಗರು ಕೇಳಬೇಕಾದದ್ದು ಇಷ್ಟೇ. ಎಷ್ಟು ಸಾವಿರ ಕಿಲೋಮೀಟರ್ ಹೋದಿರಿ ಎಂಬುದನ್ನು ಮುಖಪುಟದಲ್ಲಿ ಹಾಕಿದ್ದೀರಿ, ಸರಿ. ಬೈಕು ಮರಳಿ ಬಂದದ್ದು ಹೇಗೆ, ಅದನ್ನು ಎತ್ತಿ ಇಳಿಸಿದವರು ಯಾರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು, ನಿಮ್ಮ ಪಕ್ಕದ ಸಾಲಿನಲ್ಲಿ ಕಾದು ನಿಂತಿದ್ದವರು ಊರಿಗೆ ಹೋದರೇ? ಇದನ್ನೂ ಬರೆಯಿರಿ.